ಮೊಮ್ಮಗನ ತಲೆಯ ಹದ

ಹೆಣ್ಣು ಕೊಟ್ಟ ಮೇಲೆ ಬೀಗಿತಿಯ ಬಾಯಿಂದ ಬರುವುದನ್ನೆಲ್ಲ ನುಂಗಿಕೊಳ್ಳಬೇಕು ಎಂಬುದನ್ನು ವೈದ್ಯನಾಥಪುರದ ಪುಟ್ಟರಾಜು ಎಂದೋ ಒಪ್ಪಿಕೊಂಡಿದ್ದರು. ಮದುವೆಯ ಊಟದಲ್ಲಿ ಪಾಯಸ ನೀರಾಗಿತ್ತು ಎಂದಾಗ ನುಂಗಿದ್ದರು. ಉಡಿಸಿದ ಸೀರೆಗೆ ಅಂಚು ಸಾಲದು ಎಂದಾಗಲೂ ನುಂಗಿದ್ದರು. ಆದರೆ ಮಂಡ್ಯದ ಆಸ್ಪತ್ರೆಯಲ್ಲಿ, ಹುಟ್ಟಿ ಇನ್ನೂ ಒಂದು ಹಗಲು ಕಳೆಯದ ಮೊಮ್ಮಗನ ಮುಂದೆ ನಿಂತು ಬೀಗಿತಿ ಚಿಕ್ಕಬೋರಮ್ಮ ಆಡಿದ ಮಾತು ಮಾತ್ರ ಅವರ ಗಂಟಲಲ್ಲೇ ಸಿಕ್ಕಿಕೊಂಡಿತು.

ಮಗುವಿನ ತಲೆ ಸ್ವಲ್ಪ ಉದ್ದಕ್ಕಿತ್ತು. ಸುಳ್ಳು ಯಾಕೆ, ಸ್ವಲ್ಪವಲ್ಲ, ಚೆನ್ನಾಗಿಯೇ ಉದ್ದಕ್ಕಿತ್ತು. ಚಿಕ್ಕಬೋರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಮಾರುಕಟ್ಟೆಯಲ್ಲಿ ಸೋರೆಕಾಯಿ ನೋಡುವ ಹಾಗೆ ಆ ಕಡೆಯಿಂದೊಮ್ಮೆ ಈ ಕಡೆಯಿಂದೊಮ್ಮೆ ನೋಡಿದರು.

"ಮೂಗು ನಮ್ದು. ಕಿವಿ ನಮ್ದು. ತಲೆ ಮಾತ್ರ ನಮ್ ಕಡೆ ಯಾರ್ದೂ ಇಂಗಿಲ್ಲ ಕಣಪ್ಪ. ಇದು ಬೀಗ್ರ ತಲೆ."

ವಾರ್ಡಿನಲ್ಲಿ ಇದ್ದಬದ್ದವರೆಲ್ಲ ಒಟ್ಟಿಗೆ ಪುಟ್ಟರಾಜು ಅವರ ತಲೆ ನೋಡಿದರು. (ಪಕ್ಕದ ಮಂಚದ ಬಾಣಂತಿ ಸರಿಯಾಗಿ ಕಾಣಲೆಂದು ಎದ್ದು ಕುಳಿತಳಂತೆ.) ಪುಟ್ಟರಾಜು ಹೆಗಲ ಮೇಲಿದ್ದ ಟವೆಲನ್ನು ತಲೆಗೆ ಸುತ್ತಿಕೊಂಡರು. ಹುಟ್ಟುವಾಗ ಇಕ್ಕಟ್ಟಾದ ದಾರಿಯಲ್ಲಿ ಬಂದದ್ದಕ್ಕೆ ಹಾಗಾಗಿದೆ, ಕೆಲವು ದಿನಕ್ಕೆ ತಾನಾಗಿಯೇ ಸರಿಹೋಗುತ್ತದೆ ಎಂದು ನರ್ಸಮ್ಮ ಹೇಳುತ್ತಿದ್ದದ್ದು ಅವರ ಕಿವಿಗೆ ಬೀಳಲೇ ಇಲ್ಲ.

"ಮೂರ್ನೆ ತಿಂಗ್ಳು ತೊಟ್ಲು ಸಾಸ್ತ್ರಕ್ಕೆ ಬನ್ನಿ ಬೀಗಿತಿಯೋರೆ," ಅಂದರು. "ತಲೆ ಗುಂಡಗದೋ ಇಲ್ವೋ ಅವತ್ತು ನೋಡಿ ಯೋಳಿ."

ಹೀಗೆ ಅವರ ಮರ್ಯಾದೆಯೆಲ್ಲ ಒಂದು ಮುಷ್ಟಿಗಾತ್ರದ ತಲೆಯ ಮೇಲೆ ಹೋಗಿ ಕುಳಿತಿತು.

ಪುಟ್ಟರಾಜು ಸಾಮಾನ್ಯರಲ್ಲ. ಮದ್ದೂರಿನ ಸುತ್ತಮುತ್ತ ಬೆಲ್ಲ ಬೇಯಿಸುವವರಲ್ಲಿ ಅವರ ಆಲೆಮನೆಗೆ ಒಳ್ಳೆಯ ಹೆಸರು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿದ್ದರೆ ಅವರು ದೂರದಲ್ಲಿ ನಿಂತು ಬರೀ ವಾಸನೆಯಿಂದ ಹದ ಹೇಳಬಲ್ಲರು. ಹದ ಬಂದ ಪಾಕವನ್ನು ಮೆತ್ತಗಿರುವಾಗಲೇ ಅಚ್ಚಿಗೆ ಹಾಕಬೇಕು, ಆರಿತು ಅಂದರೆ ಆಯಿತು, ದೇವರು ಬಂದರೂ ಅದರ ಆಕಾರ ಬದಲಾಗುವುದಿಲ್ಲ. ಇದು ಅವರು ಬದುಕಿನಲ್ಲಿ ಕಲಿತ ಮುಖ್ಯ ವಿದ್ಯೆ. ಹೆಚ್ಚುಕಡಿಮೆ ಅದೊಂದೇ ವಿದ್ಯೆ ಅಂದರೂ ತಪ್ಪಿಲ್ಲ.

ಬಾಣಂತಿ ಮಗಳು ಶ್ವೇತ ಮಗುವಿನೊಂದಿಗೆ ಮನೆಗೆ ಬಂದ ದಿನ ಪುಟ್ಟರಾಜು ಕೈಕಾಲು ತೊಳೆದುಕೊಂಡು ಬಂದು, ಮಗುವಿನ ನೆತ್ತಿಯ ಮೇಲೆ ಒಂದು ಬೆರಳಿಟ್ಟರು. ನೆತ್ತಿ ಮೆತ್ತಗಿತ್ತು. ಮೆತ್ತಗಿದ್ದದ್ದಲ್ಲದೆ ಲಬ್ ಲಬ್ ಎಂದು ಬಡಿದುಕೊಳ್ಳುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಗಾಬರಿಯಾಗುತ್ತಿದ್ದರು. ಪುಟ್ಟರಾಜು ಅವರ ಮುಖ ಅರಳಿತು.

"ಇನ್ನೂ ಆರಿಲ್ಲ ಕಣಮ್ಮೀ," ಅಂದರು ಹೆಂಡತಿ ಶಿವನಂಜಮ್ಮನಿಗೆ. "ಒಳಗೆ ಕುದೀತಾನೆ ಅದೆ. ನಮ್ಗಿನ್ನೂ ಟೇಮ್ ಅದೆ."

"ಕುದಿಯಕೆ ಅದೇನು ಕೊಪ್ಪರಿಗೆಯಾ? ಸುಮ್ಕೆ ಆ ಕಡೆ ಓಗಿ," ಅಂದರು ಶಿವನಂಜಮ್ಮ.

ಪುಟ್ಟರಾಜು ಆ ಕಡೆ ಹೋದರು. ನೇರವಾಗಿ ಆಲೆಮನೆಗೇ ಹೋದರು. ಅಟ್ಟದಲ್ಲಿ ಅವರ ಅಪ್ಪನ ಕಾಲದ, ಹಲಸಿನ ಮರದಲ್ಲಿ ಬಟ್ಟಲಿನಂತೆ ಕೊರೆದ ಒಂದು ಅಚ್ಚು ಬಿದ್ದಿತ್ತು. ಅದರಲ್ಲಿ ಎತ್ತಿದ ಬೆಲ್ಲದ ಉಂಡೆಯನ್ನು ಹಿಂದೆ ಜನ ದೇವರ ಮುಂದೆ ಇಡಲು ಕೇಳಿ ಪಡೆಯುತ್ತಿದ್ದರಂತೆ. ಅದನ್ನು ಬಿಸಿನೀರಿನಲ್ಲಿ ತೊಳೆದು, ಬಿಸಿಲಿಗಿಟ್ಟು, ಹಳೆಯ ಮೆತ್ತನೆ ಪಂಚೆ ಹಾಸಿ, ಯಾರೂ ಇಲ್ಲದ ಹೊತ್ತು ನೋಡಿಕೊಂಡು ಮಲಗಿದ್ದ ಮಗುವಿನ ಪಕ್ಕದಲ್ಲಿ ಹಿಡಿದರು. ಅಷ್ಟರಲ್ಲಿ ಸ್ನಾನ ಮುಗಿಸಿದ ಶ್ವೇತ ಬಾಗಿಲಲ್ಲಿ ನಿಂತಿದ್ದಳು.

"ಅಪ್ಪಾ, ಅದೇನು ಕೈಲಿ?"

"ಏನಿಲ್ಲ ಕಣವ್ವ. ಸುಮ್ಕೆ ಅಳ್ತೆ ನೋಡ್ತಿದ್ದೆ."

"ಯಾತರ ಅಳತೆ?"

"ದಿನಾ ವಸಿ ವತ್ತು ಇದ್ರೊಳಗೆ ತಲೆ ಮಡಗಿ ಮಲಗ್ಸುದ್ರೆ, ತೊಟ್ಲು ಸಾಸ್ತ್ರದ ವತ್ತಿಗೆ ಗುಂಡಗೆ ಎದ್ದು ಬತ್ತದೆ. ಆರೋದ್ಮೇಲೆ ಏನ್ ಮಾಡುದ್ರೂ ಆಗಕಿಲ್ಲ ಕಣವ್ವ, ಮೆತ್ತಗಿದ್ದಾಗ್ಲೇ ಆಗ್ಬೇಕು."

"ಅದು ಬೆಲ್ಲ ಅಲ್ಲ ಅಪ್ಪ. ನನ್ನ ಮಗ."

ಅಂದು ಸಂಜೆ ಶ್ವೇತ ಮನೆಗೆಲ್ಲ ಕೇಳುವಂತೆ ಶಾಸನ ಹೊರಡಿಸಿದಳು. ಮಗುವಿನ ತಲೆಯನ್ನು ಯಾರೂ ಒತ್ತಬಾರದು, ತೀಡಬಾರದು, ಅಚ್ಚಿಗೆ ಹಾಕುವ ಮಾತಂತೂ ಎತ್ತಲೇಬಾರದು. ಇದರಿಂದ ಹೆಚ್ಚು ನೊಂದವರು ಶಿವನಂಜಮ್ಮ. ನೀರು ಹಾಕುವಾಗ ಕಾಲು ಚಾಚಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ನೆತ್ತಿಗೆ ಹರಳೆಣ್ಣೆ ಇಟ್ಟು, ಎರಡೂ ಅಂಗೈಯಲ್ಲಿ ತಲೆ ನೀವಿ ದುಂಡಗೆ ಮಾಡುವುದು ಅವರ ಮನೆತನದ ಹಕ್ಕಾಗಿತ್ತು.

"ನಿನ್ ತಲೆ ನಾನೇ ಕಣೇ ಒತ್ತಿ ಒತ್ತಿ ಗುಂಡಗೆ ಮಾಡಿದ್ದು," ಅಂದರು.

"ಅದಕ್ಕೇ ಡಿಗ್ರಿ ಪರೀಕ್ಷೆ ಎರಡೆರಡು ಸಲ ಕಟ್ಟಬೇಕಾಯ್ತು," ಅಂದಳು ಶ್ವೇತ.

ಒಂದಿಷ್ಟು ದಿನ ಕಳೆಯುವುದರೊಳಗೆ ನರ್ಸಮ್ಮ ಹೇಳಿದಂತೆಯೇ ಆಯಿತು. ಯಾರೂ ಮುಟ್ಟದೆ, ಯಾರೂ ಒತ್ತದೆ ತಲೆ ತನ್ನ ಪಾಡಿಗೆ ತಾನು ದುಂಡಗಾಗುತ್ತ ಬಂತು. ಪುಟ್ಟರಾಜು ಇದನ್ನು ಬೇರೆಯಾಗಿ ಅರ್ಥಮಾಡಿಕೊಂಡರು. ಅಚ್ಚನ್ನು ಒಮ್ಮೆ ತೋರಿಸಿದ್ದಕ್ಕೇ ತಲೆ ಹೆದರಿ ದಾರಿಗೆ ಬಂದಿದೆ ಎಂದು ಅವರ ವಾದ. ಇನ್ನು ಉಳಿದಿರುವುದು ಬಂದ ಆಕಾರವನ್ನು ಕಾಯುವ ಕೆಲಸ. ಅದಕ್ಕೆ ಅವರು ತಮ್ಮನ್ನು ತಾವೇ ನೇಮಿಸಿಕೊಂಡರು. 'ಶಿರೋರಕ್ಷಣಾಧಿಕಾರಿ' ಎಂದು ಬೋರ್ಡು ಬರೆಸುವುದೊಂದು ಬಾಕಿ.

ನಡುಮನೆಯಲ್ಲಿ ತೊಟ್ಟಿಲನ್ನು ಗೋಡೆಗೆ ಒತ್ತಿದಂತೆ ತೂಗುಹಾಕಿದ್ದರು. ಈಚೆ ಕಡೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಪುಟ್ಟರಾಜು ಕುಳಿತರೆಂದರೆ ಆಲೆಮನೆಯಿಂದ ಆಳು ಮಹದೇವು ಬಂದು ಕರೆದರೂ ಏಳುತ್ತಿರಲಿಲ್ಲ. ಮಗುವಿಗೆ ಲೋಕದ ಸಮಾಚಾರವೆಲ್ಲ ಹೇಳುವರು. ನಾಲೆಗೆ ನೀರು ಬಿಟ್ಟದ್ದು, ಕಬ್ಬಿಗೆ ಸುಳಿ ಹುಳ ಬಿದ್ದದ್ದು, ಮದ್ದೂರಿನ ಸಂತೆಯಲ್ಲಿ ಬೆಲ್ಲ ಹೋದ ರೇಟು. ಮಗು ಅವರ ದನಿ ಕೇಳಿದ್ದೇ ತಡ, ತಲೆಯನ್ನು ಬಲಕ್ಕೆ ಹೊರಳಿಸಿ, ಕಂಬಿಯ ಸಂದಿನಿಂದ ಅವರನ್ನೇ ನೋಡುತ್ತಿತ್ತು. ಒಂದು ದಿನ ನಕ್ಕಿತು ಕೂಡ. ಪುಟ್ಟರಾಜು ಐವತ್ತು ದಾಟಿದ ಮನುಷ್ಯ. ಬದುಕಿನಲ್ಲಿ ಅವರ ಮಾತನ್ನು ಇಷ್ಟು ಗಮನವಿಟ್ಟು ಕೇಳಿದವರು ಬೇರೆ ಯಾರೂ ಇರಲಿಲ್ಲ. ಅವರಿಗೆ ಆ ಮಗುವಿನ ಮೇಲೆ ಪ್ರಾಣವನ್ನೇ ಕೊಡುವಷ್ಟು ಪ್ರೀತಿ ಬಂದುಬಿಟ್ಟಿತು.

ಹೀಗಿರಲು, ತೊಟ್ಟಿಲು ಶಾಸ್ತ್ರಕ್ಕೆ ಇನ್ನೊಂದು ವಾರ ಇದೆ ಅನ್ನುವಾಗ, ಬಚ್ಚಲಿನಿಂದ ಶಿವನಂಜಮ್ಮನ ದನಿ ಕೇಳಿಸಿತು.

"ವಸಿ ಬನ್ನಿ ಇಲ್ಲಿ. ಈ ಕಡೆ ಯಾಕೋ ತಟ್ಟೆ ಇದ್ದಂಗದೆ ಕಣಿ."

ಪುಟ್ಟರಾಜು ಓಡಿದರು. ಹೌದು. ಒದ್ದೆ ಕೂದಲು ಅಂಟಿಕೊಂಡಾಗ ಚೆನ್ನಾಗಿ ಕಾಣುತ್ತಿತ್ತು. ಎಡಗಡೆ ಗುಂಡಗಿತ್ತು. ಬಲಗಡೆ ಹಿಂದೆ, ಕಿವಿಯ ಮೇಲ್ಭಾಗದಲ್ಲಿ, ಯಾರೋ ಅಂಗೈಯಿಂದ ತಟ್ಟಿ ಇಟ್ಟಂತೆ ಚಪ್ಪಟೆಯಾಗಿತ್ತು.

ಪುಟ್ಟರಾಜು ಬಗ್ಗಿ ಮತ್ತೊಮ್ಮೆ ಮುಟ್ಟಿ ನೋಡಿದರು. ಮೊದಲು ಬೀಗಿತಿಯ ಮುಖ ಕಣ್ಣ ಮುಂದೆ ಬಂತು. ಆಮೇಲೆ, ಮಗುವಿಗೇನಾದರೂ ಆಗಿದೆಯೋ ಎಂಬ ಭಯ ಬಂತು, ಬಂದದ್ದು ಹೋಗಲಿಲ್ಲ.

ಭಯವಾದಾಗ ಬೇರೆಯವರನ್ನು ಬಯ್ಯುವುದು ಅವರ ಪದ್ಧತಿ. ತಕ್ಷಣವೇ ಉನ್ನತ ಮಟ್ಟದ ತನಿಖೆ ಆರಂಭವಾಯಿತು. ಮೊದಲ ಆರೋಪಿ ಹೆಂಡತಿ.

"ನಿಜ ಯೋಳು. ನೀರಾಕುವಾಗ ಒತ್ತಿದ್ಯಾ?"

"ದೇವ್ರಾಣೆ ಇಲ್ಲ. ಬೆರಳು ತುದೀಲಿ ನೀರು ತಟ್ಟುದ್ದು ಅಷ್ಟೆ."

"ಒತ್ಬೇಕು ಅನ್ನುಸ್ತಾದ್ರೂ ಇತ್ತಾ?"

"ಅನ್ಸಿತ್ತು. ಅನ್ನುಸುದ್ರೆ ತಲೆ ಚಪ್ಪಟೆ ಆಯ್ತದಾ? ನಿಮ್ ತಲೆ ಒತ್ಬೇಕು ಅಂತ ಮದ್ವೆ ಆದಾಗಿಂದ ಅನ್ನುಸ್ತಾ ಅದೆ."

ಎರಡನೆಯ ಆರೋಪಿ ರಾಗಿ ತುಂಬಿದ ಪುಟ್ಟ ದಿಂಬು. ಅದನ್ನು ಬಿಚ್ಚಿ ಮೊರದಲ್ಲಿ ಸುರಿದು ಕಲ್ಲಿದೆಯೇ ಎಂದು ನೋಡಲಾಯಿತು. ಮೂರನೆಯ ಆರೋಪಿ ತೊಟ್ಟಿಲ ಸರಪಳಿ. ಅದು ಬಲಕ್ಕೆ ಇಳಿದಿದೆ ಎಂದು ಪುಟ್ಟರಾಜು ರಸಮಟ್ಟ ತಂದು ಇಟ್ಟರು, ಗುಳ್ಳೆ ನಟ್ಟನಡುವೆ ನಿಂತಿತು. ನಾಲ್ಕನೆಯದಾಗಿ ಬೀಗಿತಿಯ ಕಣ್ಣು ತಾಗಿದ್ದಿರಬಹುದು ಎಂಬ ಕಡೆಗೆ ತನಿಖೆ ತಿರುಗುತ್ತಿದ್ದಾಗ ಶ್ವೇತ, "ಸಾಕು. ನಾಳೆ ಬೆಳಿಗ್ಗೆ ಡಾಕ್ಟ್ರ ಹತ್ರ ಹೋಗೋಣ," ಅಂದಳು.

ಮದ್ದೂರಿನ ಮಕ್ಕಳ ಡಾಕ್ಟರು ದೀಪಿಕ ಇನ್ನೂ ಚಿಕ್ಕ ವಯಸ್ಸಿನವರು. ಮಗುವಿನ ತಲೆಯನ್ನು ಮೇಲಿಂದ ನೋಡಿದರು, ಟೇಪು ಸುತ್ತಿ ಅಳೆದರು, ನೆತ್ತಿ ಮುಟ್ಟಿದರು, ಕುತ್ತಿಗೆಯನ್ನು ಮೆಲ್ಲಗೆ ಎರಡೂ ಕಡೆಗೆ ತಿರುಗಿಸಿದರು.

"ಏನೂ ತೊಂದರೆ ಇಲ್ಲ," ಅಂದರು ಡಾಕ್ಟರು. "ತಲೆ ಚೆನ್ನಾಗಿ ಬೆಳೀತಿದೆ."

"ನೆತ್ತಿ ಬಡ್ಕತದಲ್ಲವ್ವ. ಇನ್ನೂ ಆರಿಲ್ಲ ಅಲ್ವಾ ಅದು?"

"ಆರೋದಲ್ಲ ಯಜಮಾನ್ರೆ, ಕೂಡೋದು. ಮಕ್ಕಳ ತಲೆಬುರುಡೆ ಒಂದೇ ಮೂಳೆ ಅಲ್ಲ. ಬಿಡಿಬಿಡಿ ಇರ್ತವೆ, ನಡುವೆ ಜಾಗ ಇರುತ್ತೆ. ಒಳಗೆ ಮೆದುಳು ಬೆಳೆಯೋ ಹಾಗೆ ಅವು ಸರಿದು ಜಾಗ ಕೊಡ್ತವೆ. ಮುಂದಿನ ನೆತ್ತಿ ಕೂಡೋಕೆ ಒಂದು, ಒಂದೂವರೆ ವರ್ಷ ಬೇಕು. ಬಡ್ಕೊಳ್ಳೋದು ಅಲ್ಲಿ ಓಡೋ ರಕ್ತ, ಅಷ್ಟೆ."

"ಅಂದ್ರೆ ಅಚ್ಚು?"

"ಅಚ್ಚಾ? ಅಚ್ಚು ಒಳಗೇ ಇದೆ. ಮೆದುಳು ಒಳಗಿಂದ ತಳ್ಳುತ್ತೆ, ತಲೆ ಅದರ ಮೇಲೆ ಆಕಾರ ತಗೊಳ್ಳುತ್ತೆ. ನೀವು ಹೊರಗಿಂದ ಏನೂ ಮಾಡಬೇಕಾಗಿಲ್ಲ."

ಇಷ್ಟು ವರ್ಷ ಬೆಲ್ಲ ಎತ್ತಿದರೂ ಅಚ್ಚು ಒಳಗಿರುವ ಉಂಡೆಯನ್ನು ಪುಟ್ಟರಾಜು ಕಂಡಿರಲಿಲ್ಲ. ಅವರಿಗೆ ಮೊದಲ ಬಾರಿಗೆ ತಮ್ಮ ಕಸುಬಿನ ಮೇಲೆ ಸಣ್ಣ ಅನುಮಾನ ಬಂತು.

"ಮತ್ತೆ ಒಂದು ಕಡೆ ಯಾಕೆ ಹಿಂಗೆ?" ಎಂದು ಶ್ವೇತ ಕೇಳಿದಳು.

"ಮೆತ್ತಗಿರೋ ತಲೆ, ಒಂದೇ ಕಡೆ ಭಾರ ಹಾಕಿ ಮಲಗಿದ್ರೆ ಆ ಕಡೆ ತಟ್ಟೆ ಆಗುತ್ತೆ. ಬಹಳ ಮಕ್ಕಳಿಗೆ ಆಗುತ್ತೆ. ಮಗು ಯಾವಾಗಲೂ ಬಲಕ್ಕೇ ತಿರುಗಿರುತ್ತಾ? ಬೆಳಕು, ಕಿಟಕಿ, ಟಿವಿ, ಏನಾದ್ರೂ ಇದೆಯಾ ಆ ಕಡೆ? ಅವನಿಗೆ ಇಷ್ಟವಾದದ್ದು?"

ಶ್ವೇತ ಯೋಚಿಸಿದಳು. ಶಿವನಂಜಮ್ಮ ಯೋಚಿಸಿದರು. ಆಮೇಲೆ ಇಬ್ಬರೂ ನಿಧಾನವಾಗಿ ಕತ್ತು ತಿರುಗಿಸಿ ಪುಟ್ಟರಾಜು ಅವರನ್ನು ನೋಡಿದರು.

"ಅದೆ ಕಣವ್ವ," ಅಂದರು ಶಿವನಂಜಮ್ಮ. "ಬೆಳಿಗ್ಗೆಯಿಂದ ಸಾಯಂಕಾಲದ ಗಂಟ ಕುರ್ಚಿ ಹಾಕ್ಕೊಂಡು ಅಲ್ಲೇ ಅದೆ."

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಮಲಗಿಸುವುದು ಬೆನ್ನ ಮೇಲೆಯೇ ಇರಲಿ, ಆದರೆ ತೊಟ್ಟಿಲಲ್ಲಿ ತಲೆಯ ದಿಕ್ಕನ್ನು ಬದಲಾಯಿಸುತ್ತಿರಿ, ದಿಂಬು ಬೇಡ, ಎಚ್ಚರವಿದ್ದಾಗ ಎದುರಿಗೇ ಕುಳಿತು ಬೋರಲು ಮಲಗಿಸಿ ಆಡಿಸಿ, ಎದ್ದು ಕೂರುವ ಹೊತ್ತಿಗೆ ತಾನೇ ದುಂಡಗಾಗುತ್ತದೆ ಅಂದರು. ಮುಖ್ಯವಾಗಿ, ತಾತ ಒಂದೇ ಕಡೆ ಕೂರಬಾರದು.

ಮನೆಗೆ ಬರುವಾಗ ಆಟೋದಲ್ಲಿ ಪುಟ್ಟರಾಜು ಒಂದು ಮೂಲೆಗೆ ಒತ್ತಿಕೊಂಡು ಕುಳಿತರು. ಆರೋಪಿಗಳನ್ನೆಲ್ಲ ಬಿಡುಗಡೆ ಮಾಡಿ ತನಿಖಾಧಿಕಾರಿಯೇ ಜೈಲಿಗೆ ಹೋದಂತಾಗಿತ್ತು. ಆದರೂ ಪುಟ್ಟರಾಜು ಅವರಿಗೆ ಒಳಗೊಳಗೇ ಒಂದು ಸಂತೋಷವೂ ಇತ್ತು. ಡಾಕ್ಟರು ಕಿಟಕಿ, ಟಿವಿ ಎಂದೆಲ್ಲ ಕೇಳಿದರಲ್ಲ, ಅವೆಲ್ಲಕ್ಕಿಂತ ಮಗುವಿಗೆ ತಾವು ಇಷ್ಟ. ಇದನ್ನು ಅವರು ಬಾಯಿ ಬಿಟ್ಟು ಹೇಳಲಿಲ್ಲ, ಹೆಂಡತಿ ಪಕ್ಕದಲ್ಲೇ ಇದ್ದರು.

ಒಂದು ವಾರದಲ್ಲಿ ತಲೆ ಎಷ್ಟು ತಾನೇ ಸರಿಹೋದೀತು? ತೊಟ್ಟಿಲು ಶಾಸ್ತ್ರದ ದಿನ ಬಂದೇ ಬಂತು. ಪುಟ್ಟರಾಜು ಒಂದು ಉಪಾಯ ಮಾಡಿದರು. ಮಗುವಿಗೆ ಉಣ್ಣೆಯ ದಪ್ಪ ಕುಲಾವಿ ಹಾಕಿಸಿ, ಗಲ್ಲದ ಕೆಳಗೆ ಗಂಟು ಬಿಗಿದರು. ಹೊರಗೆ ಬಿಸಿಲು ರಣಗುಡುತ್ತಿತ್ತು.

ಮಳವಳ್ಳಿಯಿಂದ ಚಿಕ್ಕಬೋರಮ್ಮ ತಮ್ಮ ಮಗ, ಶ್ವೇತಳ ಗಂಡ ರವಿಚಂದ್ರನ ಜೊತೆ ಬಂದಿಳಿದರು. ರವಿಚಂದ್ರ ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕಿದ್ದವನು, ತಾಯಿಯ ಎದುರು ಮಾತು ಕಡಿಮೆ. ಕೊಟ್ಟ ಪಾನಕವನ್ನೂ ಕುಡಿಯದೆ ಚಿಕ್ಕಬೋರಮ್ಮ ನೇರ ತೊಟ್ಟಿಲ ಹತ್ತಿರ ಹೋದರು.

"ಇದ್ಯಾಕೆ ಮಗೀಗೆ ಈ ಬಿಸ್ಲಲ್ಲಿ ಕಂಬ್ಳಿ ಸುತ್ತಿದೀರಿ?"

"ಗಾಳಿ, ಬೀಗಿತಿಯೋರೆ," ಅಂದರು ಪುಟ್ಟರಾಜು.

ಒಂದು ಎಲೆ ಅಲುಗುತ್ತಿರಲಿಲ್ಲ. ಚಿಕ್ಕಬೋರಮ್ಮ ಗಂಟು ಬಿಚ್ಚಿ ಕುಲಾವಿ ತೆಗೆದರು. ಅಂಗೈಯಲ್ಲಿ ಒಮ್ಮೆ ತಲೆ ಸವರಿದರು. ಬಲಗಡೆಗೆ ಬಂದಾಗ ಕೈ ನಿಂತಿತು.

"ಉದ್ದ ಓಯ್ತು. ಈಗ ಇದ್ಯಾವ ಆಕಾರ ಬೀಗ್ರೇ?"

ಪುಟ್ಟರಾಜು ಬಾಯಿ ತೆರೆಯುವ ಮೊದಲೇ ಶಿವನಂಜಮ್ಮ ಡಾಕ್ಟರು ಹೇಳಿದ್ದೆಲ್ಲವನ್ನೂ, ಕುರ್ಚಿ ಸಮೇತ, ಒಂದೂ ಬಿಡದೆ ಹೇಳಿಬಿಟ್ಟರು. ಮನೆತುಂಬ ನೆಂಟರಿದ್ದರು. ಚಿಕ್ಕಬೋರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ತೀರ್ಪು ಕೊಟ್ಟರು.

"ಬಾಣಂತನ ಐದ್ ತಿಂಗ್ಳು ತುಂಬೋಗಂಟ ಕಾಯಕಾಗಕಿಲ್ಲ. ಇವತ್ತೇ ಕರ್ಕೊಂಡೋಯ್ತೀನಿ. ಆ ಕಡೆ ನಾನು ಕೂತ್ಕಂಡು ಸರಿ ಮಾಡ್ತೀನಿ. ನೀವು ಬೆಲ್ಲ ನೋಡ್ಕಳಿ ಬೀಗ್ರೇ."

ಪುಟ್ಟರಾಜು ಮಗಳ ಮುಖ ನೋಡಿದರು. ಶ್ವೇತ ಗಂಡನ ಮುಖ ನೋಡುತ್ತಿದ್ದಳು. ಅವಳಿಗೂ ಹೋಗುವ ಆಸೆ ಇತ್ತು, ಅದರಲ್ಲಿ ತಪ್ಪೇನೂ ಇರಲಿಲ್ಲ. ಸಂಜೆ ಕಾರು ಹೊರಟಾಗ ಮಗು ತಾಯಿಯ ಹೆಗಲ ಮೇಲಿನಿಂದ ತಾತನನ್ನೇ ನೋಡುತ್ತ ಹೋಯಿತು. ಪುಟ್ಟರಾಜು ಕೈ ಬೀಸಲಿಲ್ಲ. ಬೀಸಿದ್ದರೆ ಅತ್ತುಬಿಡುತ್ತಿದ್ದರು.

ಆಮೇಲಿನ ದಿನಗಳನ್ನು ಹೇಳುವುದೇ ಬೇಡ. ತೊಟ್ಟಿಲು ಬಿಚ್ಚಿದ ಮೇಲೂ ಅವರು ಅದೇ ಜಾಗದಲ್ಲಿ ಕುರ್ಚಿ ಹಾಕಿಕೊಂಡು ಗೋಡೆ ನೋಡುತ್ತ ಕುಳಿತರು. ಕೊಪ್ಪರಿಗೆಯ ಹದ ತಪ್ಪಿ ಒಂದು ದಿನದ ಬೆಲ್ಲವೆಲ್ಲ ಕಪ್ಪಾಯಿತು. ಮಗಳು ವಿಡಿಯೋ ಕಾಲ್ ಮಾಡಿದರೆ, "ವಸಿ ಪಕ್ಕಕ್ಕೆ ತಿರ್ಗ್ಸಿ ತೋರ್ಸವ್ವ," ಎನ್ನುವರು. ಮಗುವಿನ ಮುಖ ನೋಡಬೇಕೆಂಬ ಆಸೆಗೆ ತಲೆಯ ನೆಪ ಅಷ್ಟೆ. ಅದು ಶಿವನಂಜಮ್ಮನಿಗೆ ಗೊತ್ತಿತ್ತು, ಆದ್ದರಿಂದ ಆ ದಿನಗಳಲ್ಲಿ ಅವರು ಗಂಡನನ್ನು ಹೆಚ್ಚು ಬಯ್ಯಲಿಲ್ಲ.

ಒಂದು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ಚಿಕ್ಕಬೋರಮ್ಮನೇ ಫೋನು ಮಾಡಿದರು.

"ಬೀಗ್ರೇ, ಊಟ ಆಯ್ತಾ?"

ಬೀಗಿತಿ ಊಟದ ವಿಷಯ ಕೇಳಿದ್ದು ಅದೇ ಮೊದಲು. ಪುಟ್ಟರಾಜು ಎದ್ದು ನಿಂತರು.

"ಆಯ್ತು. ಮಗ ಎಂಗವ್ನೆ?"

"ಚೆನ್ನಾಗವ್ನೆ. ಬಲ್ಗಡೆ ಎಷ್ಟೋ ಗುಂಡಗಾಯ್ತು. ಎಡ್ಗಡೆನೇ ವಸಿ..."

"ಎಡ್ಗಡೆ ಏನಾಯ್ತು?"

"ನಾನು ಆ ಕಡೇಲೇ ಕೂತಿರ್ತೀನಲ್ಲ. ನನ್ನೇ ನೋಡ್ತಾ ಮಲಗ್ತಾನೆ."

ಪುಟ್ಟರಾಜು ಈ ಮಾತನ್ನು ಬಾಯಲ್ಲಿಟ್ಟುಕೊಂಡು ಅಚ್ಚುಬೆಲ್ಲದಂತೆ ಚಪ್ಪರಿಸಿದರು. "ಸರ್ಯಾಗಿ ಕೇಳುಸ್ಲಿಲ್ಲ ಬೀಗಿತಿಯೋರೆ. ಇನ್ನೊಂದ್ ಸಲ ಯೋಳಿ."

"ಕೇಳುಸ್ತು ಬುಡಿ ನಿಮ್ಗೆ. ಬಂದು ವಸಿ ದಿನ ನಿಮ್ ಕಡೆ ಕೂತ್ಕಳಿ."

ಹೆಣ್ಣು ಕೊಟ್ಟ ಮನೆಯಲ್ಲಿ ಒಂದು ಹೊತ್ತಿನ ಊಟಕ್ಕಿಂತ ಹೆಚ್ಚು ಕೂರಬಾರದು ಎಂಬುದು ಪುಟ್ಟರಾಜು ಊರಿಗೆಲ್ಲ ಹೇಳಿಕೊಂಡು ಬಂದ ನಿಯಮ. ಆ ನಿಯಮವನ್ನು ಅವರು ಬ್ಯಾಗಿನ ತಳದಲ್ಲಿ ಹಾಕಿ, ಮೇಲೆ ನಾಲ್ಕು ಪಂಚೆ ಮಡಚಿಟ್ಟರು. ಆಲೆಮನೆಯನ್ನು ಮಹದೇವುಗೆ ಒಪ್ಪಿಸಿದರು. "ಕರುದ್ರು ಅಂತ ಓಯ್ತಾವ್ನಿ, ನಾನಾಗಿ ಓಯ್ತಿಲ್ಲ," ಎಂದು ಬಸ್‌ಸ್ಟ್ಯಾಂಡಿನಲ್ಲಿ ಕೇಳದವರಿಗೂ ಹೇಳಿ ಮಳವಳ್ಳಿಯ ಬಸ್ಸು ಹತ್ತಿದರು.

ಮಳವಳ್ಳಿಯ ಮನೆಯಲ್ಲಿ ತೊಟ್ಟಿಲು ನಡುಮನೆಯ ಮಧ್ಯದಲ್ಲಿತ್ತು. ಎಡಕ್ಕೆ ಚಿಕ್ಕಬೋರಮ್ಮನ ಬೆತ್ತದ ಕುರ್ಚಿ, ಬಲಕ್ಕೆ ಇವರಿಗೆಂದು ಇಟ್ಟ ಸ್ಟೂಲು. ಪುಟ್ಟರಾಜು ಟವೆಲಿನಿಂದ ಮುಖ ಒರೆಸಿಕೊಂಡು, ಕೆಮ್ಮಿ ದನಿ ಸರಿಮಾಡಿಕೊಂಡು ಕುಳಿತರು.

"ಮಗಾ, ತಾತ ಬಂದಿವ್ನಿ ಕಣ್ಲಾ. ನೋಡು ಈ ಕಡೆ."

"ಅಜ್ಜಿ ಇಲ್ಲಿ ಅವ್ಳೆ ಕಣಪ್ಪ," ಅಂದರು ಚಿಕ್ಕಬೋರಮ್ಮ, ಬಿಟ್ಟುಕೊಡದೆ.

ಮಗು ಅವರನ್ನೂ ನೋಡಲಿಲ್ಲ, ಇವರನ್ನೂ ನೋಡಲಿಲ್ಲ. ತೊಟ್ಟಿಲ ನೇರಕ್ಕೆ ಮೇಲೆ ರವಿಚಂದ್ರ ಹೊಸ ಫ್ಯಾನು ಹಾಕಿಸಿದ್ದ. ಮಗು ಕೈಕಾಲು ಬಡಿಯುತ್ತ ಆ ಫ್ಯಾನನ್ನು ನೋಡಿ ಕೇಕೆ ಹಾಕುತ್ತಿತ್ತು.

ಇಬ್ಬರೂ ಕತ್ತೆತ್ತಿ ಫ್ಯಾನು ನೋಡಿದರು. ಪುಟ್ಟರಾಜು ಅವರಿಗೆ ಬಸ್ಸಿನಲ್ಲಿ ಬಂದದ್ದೆಲ್ಲ ದಂಡವಾಯಿತೆಂದು ಅಳುವೇ ಬಂದಂತಾಯಿತು.

"ಇಂಗೇ ಬುಟ್ರೆ ಹಿಂದ್ಗಡೆ ಚಪ್ಪಟೆ ಆಯ್ತದೆ," ಅಂದರು ಚಿಕ್ಕಬೋರಮ್ಮ. ಎದ್ದು ಹೋಗಿ ಫ್ಯಾನು ಆರಿಸಿದರು.

ಮಳವಳ್ಳಿಯ ಬೇಸಿಗೆ. ಕರೆಂಟು ತಯಾರಾಗುವ ಕಡೆ ಕೆಲಸ ಮಾಡುವವನ ಮನೆಯಲ್ಲಿ ಕರೆಂಟಿದ್ದೂ ಎಲ್ಲರೂ ಬೆವರತೊಡಗಿದರು. ಮಗು ಮುಖ ಕೆಂಪಗೆ ಮಾಡಿಕೊಂಡು ರಾಗ ತೆಗೆಯಿತು. ಒಳಗಿನಿಂದ ಬಂದ ಶ್ವೇತ ಒಂದು ಬೀಸಣಿಗೆಯನ್ನು ಅಪ್ಪನ ಕೈಗೆ ಕೊಟ್ಟಳು. ಪುಟ್ಟರಾಜು ಬೀಸಿದರು. ಗಾಳಿ ಬಂದ ಕಡೆಗೆ ಮಗು ತಲೆ ಹೊರಳಿಸಿತು. ತಾತನನ್ನು ಕಂಡಿತು. ಒಂದು ಗಳಿಗೆ ನೋಡಿ, ಹಲ್ಲಿಲ್ಲದ ಬಾಯಿ ಅಗಲ ಮಾಡಿ ನಕ್ಕಿತು.

ಪುಟ್ಟರಾಜು ಗೆದ್ದ ಕಣ್ಣಿನಿಂದ ಬೀಗಿತಿಯನ್ನು ನೋಡಿದರು.

"ಒಂದೇ ಕಡೆಯಿಂದ ಬೀಸ್ಬ್ಯಾಡಿ," ಅಂದರು ಅವರು. "ಮತ್ತೆ ಬಲ್ಗಡೆ ಓಯ್ತದೆ. ಈ ಕಡೆಯಿಂದ್ಲೂ ಬೀಸಿ."

"ಆ ಕಡೆ ನೀವಿದೀರಲ್ಲ, ನೀವೇ ಬೀಸಿ."

"ನನ್ಗೆ ರಟ್ಟೆ ನೋವು. ಮಂಡಿ ನೋವು ಬ್ಯಾರೆ. ನೀವು ಗಟ್ಟಿಮುಟ್ಟಾಗಿದೀರಿ, ಸುತ್ತಿ."

ಪುಟ್ಟರಾಜು ಎದ್ದರು. ಬೀಸಿಕೊಂಡೇ ತೊಟ್ಟಿಲ ತಲೆಯ ಕಡೆಯಿಂದ ಎಡಕ್ಕೆ ಬಂದರು, ಕಾಲಿನ ಕಡೆಯಿಂದ ಮತ್ತೆ ಬಲಕ್ಕೆ ಹೋದರು. ಮಗುವಿನ ಕಣ್ಣು, ಕಣ್ಣಿನ ಹಿಂದೆ ತಲೆ, ಅವರ ಜೊತೆಯಲ್ಲೇ ಸುತ್ತುತ್ತಿತ್ತು. ಬೆವರು ಕಿತ್ತು ಬರುತ್ತಿದ್ದರೂ ಅವರಿಗೆ ನಿಲ್ಲಲು ಮನಸ್ಸಾಗಲಿಲ್ಲ. ಮೋಟಾರು ಬರುವುದಕ್ಕೆ ಮುಂಚೆ ಅವರ ಆಲೆಮನೆಯಲ್ಲಿ ಗಾಣಕ್ಕೆ ಕಟ್ಟಿದ ಎತ್ತು ಹೀಗೆಯೇ ಸುತ್ತುತ್ತಿತ್ತು. ಆಗ ಕುರ್ಚಿಯಲ್ಲಿ ಕುಳಿತು ಎತ್ತು ಹೊಡೆಯುತ್ತಿದ್ದವರು ಪುಟ್ಟರಾಜು.

ಕಾಫಿ ಲೋಟ ಕೈಗೆತ್ತಿಕೊಂಡ ಚಿಕ್ಕಬೋರಮ್ಮ ಹಿಂದಕ್ಕೆ ಒರಗಿ ಕುಳಿತರು.

"ನಿಲ್ಬ್ಯಾಡಿ ಬೀಗ್ರೇ. ಎಡ್ಗಡೆ ಇನ್ನೂ ವಸಿ ಬಾಕಿ ಅದೆ."